ತೊಟ್ಟಿಗೆ ಇಳಿದ ಕೈ

ಪಾರ್ಶ್ವವಾಯು ಬಡಿದು ಮಾತು ನಿಂತಮೇಲೆ ಅರ್ಗಿರೋಳ ಕಣ್ಣು ಹೊರಳುತ್ತಿದ್ದುದು ಒಂದೇ ಕಡೆಗೆ: ಉಪ್ಪುನೀರಿನ ತೊಟ್ಟಿಯಲ್ಲಿದ್ದ ಏಂಜೆಲ್ ಮೀನಿನ ಕಡೆಗೆ. ಅಂಗೈಗಿಂತ ದೊಡ್ಡದು, ನೀಲಿ ಮೈತುಂಬ ಹಳದಿ ಗೆರೆ. ಹನ್ನೊಂದು ವರ್ಷ ಸಾಕಿದ್ದಳು. ಅದು ಗಾಜಿನ ಬಳಿ ಬಂದರೆ ಅವಳ ಮುಖಕ್ಕೆ ಜೀವ ಬರುತ್ತಿತ್ತು. ಈಗ ನಾಲ್ಕು ದಿನದಿಂದ ಮೀನು ಕಲ್ಲಿನ ಸಂದಿ ಬಿಟ್ಟು ಹೊರಬಂದಿರಲಿಲ್ಲ.

ಅದು ಹೋದರೆ ಇವಳೂ ಹೋದಳು ಎಂಬ ಭಯ ಗಂಡ ಪಾಂಡೆಲಿಸನನ್ನು ಹೊಕ್ಕಿತು. ಪೆರಾಮಾದ ಹಡಗುಕಟ್ಟೆಯಲ್ಲಿ ದೋಣಿಗಳ ಅಡಿಗೆ ಬಣ್ಣ ಬಳಿಯುವವನು ಅವನು. ಮೀನಿಗೆ ತಿನಿಸು ಹಾಕುತ್ತಿದ್ದ ಅವನ ತಂಗಿ ಫ್ರೋಸೋ ಈಸ್ಟರಿಗೆಂದು ಎರಡು ವಾರದ ಹಿಂದೆ ಊರಿಗೆ ಹೋದಮೇಲೆ ಆ ಕೆಲಸ ಇವನಿಗೆ ಬಿದ್ದಿತ್ತು. ಸಂಜೆ ಬಂದವನೇ ಕೈಗೆ ಸೋಪು ತೋರಿಸಿದಂತೆ ಮಾಡಿ, ಚಿಪ್ಪಿನ ಮಾಂಸದ ಚೂರು ಹಿಡಿದು ಮೊಣಕೈವರೆಗೆ ನೀರಿಗಿಳಿಸುತ್ತಿದ್ದ. ಮೀನು ತಿನ್ನದಿದ್ದಷ್ಟೂ ಹೆಚ್ಚು ಹೊತ್ತು ಹಾಗೇ ನಿಂತು ಪ್ರಾರ್ಥಿಸುತ್ತಿದ್ದ. ಹಿಂದಿನ ಕುರ್ಚಿಯಿಂದ ಅರ್ಗಿರೋ ಗಂಟಲಲ್ಲೇ ಏನೋ ಸದ್ದು ಹೊರಡಿಸುತ್ತಿದ್ದಳು. ವರ್ಷದ ಮೇಲೆ ಬಂದ ದನಿ. ದೇವಮಾತೆ ಕಣ್ಣುಬಿಟ್ಟಳೆಂದು ಅವನು ತಂಗಿಗೆ ಫೋನು ಮಾಡಿದ. ಅತ್ತಿಗೆಯ ಬೈಗುಳವಿಲ್ಲದೆ ನಿನಗೆ ಅನ್ನ ಸೇರುತ್ತಿರಲಿಲ್ಲವೇನೋ ಎಂದು ಅವಳು ನಕ್ಕಳು.

ಶನಿವಾರ ಸಾಕುಮೀನಿನ ಅಂಗಡಿಯ ಸ್ಟ್ರಾತೋಸ್ ಬಂದು, ತೊಟ್ಟಿಯ ನೀರನ್ನು ಪುಟ್ಟ ಗಾಜಿನ ಕೊಳವೆಗೆ ತುಂಬಿ ಎರಡು ಹನಿ ಪರೀಕ್ಷೆಯ ದ್ರಾವಣ ಬಿಟ್ಟ. ಬಣ್ಣ ತಿರುಗಿತು.

"ತಾಮ್ರ ಇದೆಯಲ್ಲ ಮೇಸ್ತ್ರಿ. ಎಲ್ಲಿಂದ ಬಂತು?"

"ತಾಮ್ರವಾ? ನಮ್ಮನೇಲಿ ಒಂದು ತಾಮ್ರದ ಚಮಚಾನೂ ಇಲ್ಲಪ್ಪ."

"ದೋಣಿಗೆ ಬಳೀತೀಯಲ್ಲ ಆ ಕೆಂಪು ಬಣ್ಣ, ಅದರಲ್ಲಿ ಏನಿರುತ್ತೆ?"

ಪಾಂಡೆಲಿಸ್ ತನ್ನ ಉಗುರುಗಳನ್ನು ನೋಡಿಕೊಂಡ. ಕಡಲ ಹುಳು ಅಂಟದಿರಲಿ, ಅಂಟಿದ್ದು ಸಾಯಲಿ ಎಂದು ತಾಮ್ರ ಬೆರೆಸಿ ಬಳಿಯುವ ಬಣ್ಣ. ನಲವತ್ತು ವರ್ಷ ಅದನ್ನೇ ಬಳಿದಿದ್ದ. ಅರ್ಗಿರೋ ಒಂದು ದಿನವೂ ಅವನನ್ನು ತೊಟ್ಟಿ ಮುಟ್ಟಗೊಟ್ಟಿರಲಿಲ್ಲ. ಅದು ಅವಳ ಹಟವೆಂದೇ ಅವನು ತಿಳಿದಿದ್ದ. ಈ ಎರಡು ವಾರ ಕುರ್ಚಿಯಲ್ಲಿ ಕೂತು ಅವಳು ಹೇಳುತ್ತಿದ್ದುದೂ ಅದನ್ನೇ, ಮುಟ್ಟಬೇಡ ಎಂದು.

ನೀರು ಬದಲಿಸು, ಆದರೆ ಕಲ್ಲುಗಳೂ ತಾಮ್ರ ಕುಡಿದುಬಿಟ್ಟಿವೆ, ಆಸೆ ಇಟ್ಟುಕೊಳ್ಳಬೇಡ ಎಂದು ಹೇಳಿ ಸ್ಟ್ರಾತೋಸ್ ಹೊರಟ. ಪಾಂಡೆಲಿಸ್ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕತ್ತಲಾಗುವವರೆಗೂ ನೀರು ಹೊತ್ತ.

ಈಸ್ಟರ್ ಭಾನುವಾರ ಮಧ್ಯಾಹ್ನ ಮೀನು ಮಗ್ಗುಲಾಗಿ ತೇಲಿತು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಕೆಂಪು ಮೊಟ್ಟೆಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, "ಕ್ರಿಸ್ತ ಎದ್ದ" ಎಂದಳು. ಮರುಮಾತಾಗಿ "ನಿಜವಾಗಿ ಎದ್ದ" ಎನ್ನಬೇಕು. ಪಾಂಡೆಲಿಸ್ ತಟ್ಟೆಯನ್ನಷ್ಟೇ ಇಸಿದುಕೊಂಡು ಬಾಗಿಲು ಹಾಕಿದ.

ಹೆಂಡತಿಯ ಮುಂದೆ ಮಂಡಿಯೂರಿದ. "ಬೈದುಬಿಡೇ," ಎಂದ.

ಅವಳ ಕಣ್ಣು ತೆರೆದೇ ಇತ್ತು. ತೊಟ್ಟಿಯ ಕಡೆಗಾಗಲಿ, ಅವನ ಕಡೆಗಾಗಲಿ ಹೊರಳಲಿಲ್ಲ.