ಬಾಣಂತಿ ಕೋಣೆಯ ಅಣಬೆ

ನನ್ನ ಸೊಸೆಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಅಣಬೆ ತಿನ್ನುವ ಬಯಕೆ ಹುಟ್ಟಿತು. ಹುಟ್ಟುವುದಾದರೂ ಯಾವಾಗ ಹುಟ್ಟಬೇಕು? ಮಳೆಗಾಲದಲ್ಲಾಗಿದ್ದರೆ ಹೊಲದ ಬದುವಿನಲ್ಲಿ ಸಿಗುತ್ತಿತ್ತು. ಚಳಿಗಾಲದಲ್ಲಾಗಿದ್ದರೆ ಸಂತೆಯಲ್ಲಿ ಸಿಗುತ್ತಿತ್ತು. ಹುಮನಾಬಾದಿನ ಮೇ ತಿಂಗಳಲ್ಲಿ, ಅಂಗಳದ ಫರಸಿಯ ಮೇಲೆ ಹಪ್ಪಳ ಇಟ್ಟರೆ ತಾನೇ ಸುಟ್ಟುಕೊಳ್ಳುವ ಬಿಸಿಲಿನಲ್ಲಿ ಆ ಹುಡುಗಿಗೆ ಅಣಬೆ ಬೇಕಾಯಿತು. ಅದೂ ನನ್ನೆದುರು ಹೇಳಿದಳೇ? ಇಲ್ಲ. ರಾತ್ರಿ ಊಟ ಬಡಿಸುತ್ತ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ.

ಭುವನೇಶ್ವರಿ ಕೊಡಂಬಲದವಳು. ಮೊದಲ ಗುಡುಗಿಗೆ ಏಳುವ ಅಣಬೆಯನ್ನು ಅವಳ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಪಲ್ಯ ಮಾಡುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಅಣಬೆ ಹೊಸ್ತಿಲು ದಾಟಿದ್ದಿಲ್ಲ. ನನ್ನ ಅತ್ತೆ ಅದನ್ನು ನಾಯಿಕೊಡೆ ಎನ್ನುತ್ತಿದ್ದಳು. ನಾನೂ ಅದನ್ನೇ ಅನ್ನುತ್ತ ಬಂದವಳು. ಆದರೆ ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಸತೀಶಕುಮಾರನನ್ನು ಹೊತ್ತಾಗ ಬಿಸಿ ಜಿಲೇಬಿಗಾಗಿ ಒದ್ದಾಡಿದೆ, ಯಾರೂ ತರಲಿಲ್ಲ. ಹುಡುಗನ ಕಿವಿ ಐದನೇ ಇಯತ್ತೆಯವರೆಗೂ ಸೋರಿತು. ಡಾಕ್ಟರು ಶೀತ ಎಂದರು. ಶೀತವಂತೆ! ಅವರೇನು ಜಿಲೇಬಿ ಬೇಡಿದ್ದರೇ?

ಒಂಬತ್ತರಲ್ಲಿ ಸೀಮಂತದ ಕುಬಸ ಮಾಡಿ ಬೀಗತಿ ಜಿಜಾಬಾಯಿ ಮಗಳನ್ನು ಹೆರಿಗೆಗೆ ಕೊಡಂಬಲಕ್ಕೆ ಕರೆದುಕೊಂಡು ಹೋಗುವವಳಿದ್ದಳು. ಅಷ್ಟರೊಳಗೆ ಈ ಹುಡುಗಿ ಅಣಬೆ ತಿನ್ನಬೇಕು. ನನ್ನ ಮನೆಯಲ್ಲಿ ಹುಟ್ಟಿದ ಬಯಕೆ ನನ್ನ ಮನೆಯಲ್ಲೇ ತೀರಬೇಕು. ಬಂದು ಎರಡು ವರ್ಷವಾದರೂ ಒಂದು ಬಳೆ ಕೂಡ ಕೇಳದ ಹುಡುಗಿ ಅವಳು. ಮೊದಲ ಸಲ ಏನೋ ಕೇಳಿದ್ದಾಳೆ, ಅದನ್ನೂ ಕೊಡದಿದ್ದರೆ ನಾನೆಂಥ ಅತ್ತೆ?

ಸತೀಶ ಬಸವಕಲ್ಯಾಣದವರೆಗೆ ಹೋಗಿ ಹುಡುಕಿ ಒಂದು ಪ್ಯಾಕೆಟ್ ತಂದ. ಬಸ್ಸಿನ ಸೆಕೆಗೆ ಅದು ಒಳಗೇ ಬೆವತು ಕಪ್ಪಾಗಿತ್ತು. ಬಿಚ್ಚಿದ ಕೂಡಲೇ ಭುವನೇಶ್ವರಿ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ನಾನು ಮಗನಿಗೆ ಮನಸೋ ಇಚ್ಛೆ ಬೈದೆ. ಆಮೇಲೆ ದುಬಲಗುಂಡಿಯ ಸರಿತಾ ನೆನಪಾದಳು. ಚಳಿಗಾಲದಲ್ಲಿ ಅವಳು ಮನೆಯಲ್ಲೇ ಅಣಬೆ ಬೆಳೆದು ನಮ್ಮ ಸಂತೆಗೆ ತರುತ್ತಿದ್ದಳು. ನಾನು ಒಮ್ಮೆಯೂ ಕೊಂಡವಳಲ್ಲ. ಆದರೂ ಮರುದಿನ ಮುಂಜಾನೆ ಬಸ್ಸು ಹತ್ತಿ ಅವಳ ಮನೆ ಬಾಗಿಲಿಗೆ ಹೋಗಿ ನಿಂತೆ.

ಸರಿತಾಳ ಮನೆಗೆ ತಗಡಿನ ಮಾಡು. ಬೇಸಿಗೆಯಲ್ಲಿ ಅವಳು ಕೆಲಸ ನಿಲ್ಲಿಸುತ್ತಾಳೆ. ಆದರೆ ಕೊನೆಗೆ ಬಿತ್ತಿದ ನಾಲ್ಕು ಚೀಲ ಉಳಿದಿದ್ದವು. ಒಳಗಿನ ಹುಲ್ಲಿಗೆಲ್ಲ ಬಿಳಿ ಎಳೆ ಹಬ್ಬಿ, ಇನ್ನೇನು ಮೊಳೆಯಬೇಕು ಎನ್ನುವಾಗ ಬಿಸಿಲಿಗೆ ಸಾಯುವ ಹಂತಕ್ಕೆ ಬಂದಿದ್ದವು. ನಿಮ್ಮದು ಕಲ್ಲಿನ ಮನೆ, ತಣ್ಣಗಿನ ಕೋಣೆಯಿದ್ದರೆ ಒಯ್ಯಿರಿ ಎಂದಳು. ತಾಪ ಮೂವತ್ತರ ಕೆಳಗಿರಬೇಕು, ತೇವ ಎಂಬತ್ತರ ಮೇಲಿರಬೇಕು, ಚೀಲದ ಮೇಲೆ ನೇರವಾಗಿ ನೀರು ಸುರಿಯಬಾರದು ಎಂದು ಹೇಳಿ, ಅಂಗೈ ಅಗಲದ ಒಂದು ಯಂತ್ರ ಕೊಟ್ಟಳು. ಮೇಲಿನ ಅಂಕಿ ತಾಪ, ಕೆಳಗಿನ ಅಂಕಿ ತೇವ. ಬಸ್ಸಿನಲ್ಲಿ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇದೇನೆಂದು ಕಂಡಕ್ಟರ್ ಕೇಳಿದ. ಸೊಸೆಯ ಬಯಕೆ ಎಂದೆ. ಅವನು ನೆರಳಿನ ಬದಿಯ ಸೀಟಿನವರನ್ನು ಎಬ್ಬಿಸಿ ಚೀಲಗಳಿಗೆ ಜಾಗ ಮಾಡಿಸಿದ.

ನಮ್ಮ ಮನೆಯಲ್ಲಿ ತಣ್ಣಗಿನ ಕೋಣೆ ಎಂದರೆ ಬಾಣಂತಿ ಕೋಣೆ. ಮೊಳ ದಪ್ಪದ ಗೋಡೆ, ಒಂದೇ ಕಿಟಕಿ, ಆ ಕಿಟಕಿಗೂ ನನ್ನ ಅತ್ತೆಯ ಕಾಲದಲ್ಲೇ ಮೊಳೆ ಹೊಡೆದದ್ದು. ನನಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ನನ್ನ ಬಾಣಂತನ ಇಲ್ಲೇ ಆಯಿತು, ಇಂಥದೇ ಮೇ ತಿಂಗಳಲ್ಲಿ. ಆಮೇಲೆ ಅದರಲ್ಲಿ ಜೋಳದ ಚೀಲ ಇಡುತ್ತಿದ್ದೆವು. ಅವನ್ನು ಹೊರಗೆ ಹಾಕಿಸಿ, ತೊಲೆಗೆ ಅಣಬೆಯ ಚೀಲ ತೂಗುಹಾಕಿ, ಯಂತ್ರವನ್ನು ಮೊಳೆಗೆ ಸಿಕ್ಕಿಸಿದೆ. ತಾಪ ಮೂವತ್ತಾರು, ತೇವ ಇಪ್ಪತ್ತೆರಡು ಎಂದಿತು ಅದು. ಸುಳ್ಳ ಎಂದು ಅದಕ್ಕೂ ಬೈದೆ.

ನನ್ನ ಗಂಡ ಮಹಾರುದ್ರಪ್ಪನವರಿಗೆ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಕೂಲರಿನ ಮುಂದೆ ಮಲಗುವುದೊಂದೇ ಸುಖ. ಆ ಕೂಲರನ್ನು ಎಳೆದುಕೊಂಡು ಹೋಗಿ ಅಣಬೆಯ ಮುಂದಿಟ್ಟೆ. ನಾಯಿಕೊಡೆಗೆ ಕೂಲರ್, ನನಗೆ ಬೀಸಣಿಗೆ ಎಂದು ಅವರು ಓಣಿಯ ತುಂಬ ಹೇಳಿಕೊಂಡು ಬಂದರು. ಕೂಲರಿನ ಗಾಳಿ ರಭಸವಾಗಿ ಬಡಿದು, ಆಗತಾನೇ ಎದ್ದ ಸಾಸಿವೆಯಂಥ ಮೊಗ್ಗುಗಳೆಲ್ಲ ಒಗ್ಗರಣೆಗೆ ಬಿದ್ದಂತೆ ಕರಕಲಾದವು. ಅಷ್ಟರಲ್ಲಿ ಕರೆಂಟೂ ಹೋಯಿತು. ಕೂಲರನ್ನು ಗಂಡನಿಗೆ ಮರಳಿ ಕೊಟ್ಟೆ. ಕೊಟ್ಟೆನೇ ಹೊರತು ಕ್ಷಮೆ ಕೇಳಲಿಲ್ಲ.

ಆಮೇಲೆ ನನಗೆ ತಿಳಿದ ವಿದ್ಯೆಗೆ ಕೈ ಹಾಕಿದೆ. ಎಳೆಯ ಜೀವವನ್ನು ಕಾಪಾಡುವುದು ನನಗೆ ಗೊತ್ತಿಲ್ಲವೇ? ಗೋಡೆಗೆ ಒದ್ದೆ ಗೋಣಿತಟ್ಟು ಕಟ್ಟಿದೆ. ಬಾಗಿಲ ಸಂದಿಗೆಲ್ಲ ಹಳೆಯ ಸೀರೆಯ ಚೂರು ತುರುಕಿದೆ, ಮೇಲೆ ಕಂಬಳಿ ಇಳಿಬಿಟ್ಟೆ. ಒಂದು ನೊಣ ಒಳಗೆ ಹೋಗದಂತೆ ಮಾಡಿದೆ. ಸಂಜೆ ದೀಪ ಹಚ್ಚಿದ ಮೇಲೆ ಕೈಯ ರೂಢಿ ನೋಡಿ, ಕೆಂಡದ ಮೇಲೆ ಲೋಬಾನ ಹಾಕಿ ಆ ಕೋಣೆಗೂ ಹೊಗೆ ಹಿಡಿದು ಬಂದೆ. ಯಂತ್ರ ತಾಪ ಇಪ್ಪತ್ತೊಂಬತ್ತು, ತೇವ ತೊಂಬತ್ತು ಎಂದು ತೋರಿಸತೊಡಗಿತು. ನಾನು ಓಣಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡಿದೆ.

ಚೀಲದಿಂದ ಹೊರಬಂದದ್ದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೇಣುದ್ದದ ಕುತ್ತಿಗೆ, ಕಡ್ಡಿಪೆಟ್ಟಿಗೆಯ ಕಡ್ಡಿಗಿರುವಷ್ಟು ತಲೆ, ಬಣ್ಣ ಅರಿಸಿನ. ಭುವನೇಶ್ವರಿ ನೋಡಿ, ಇವನ್ನೇ ತಿನ್ನುತ್ತೇನೆ ಬಿಡಿ ಅತ್ತೆ, ಬಯಕೆ ತೀರಿತು ಎಂದಳು. ನನ್ನನ್ನು ಸಮಾಧಾನ ಮಾಡಲು ಹಾಗೆಂದಳು. ಅದು ನನಗೆ ಇನ್ನೂ ಹೆಚ್ಚು ಚುಚ್ಚಿತು. ಕುಬಸಕ್ಕೆ ಬಹಳ ದಿನ ಉಳಿದಿರಲಿಲ್ಲ.

ಸರಿತಾಳನ್ನು ಕರೆಸಿದೆ. ಅವಳು ಬಾಗಿಲ ಕಂಬಳಿ ಸರಿಸಿ ಒಳಗೆ ಕಾಲಿಟ್ಟವಳೇ ಕೆಮ್ಮುತ್ತ ಹೊರಗೆ ಬಂದಳು.

"ಅತ್ತಿ, ತಾಪ ಬರೋಬ್ಬರಿ ಅದ, ತೇವಾನೂ ಅದ. ಗಾಳಿ ಎಲ್ಲಿ ಅದರಿ? ಇವು ನಮ್ಮಂಗ ಉಸಿರಾಡ್ತಾವ. ಉಸಿರು ಸಾಲಲಾರದ್ದಕ್ಕ ಕುತ್ತಿಗಿ ಚಾಚ್ಯಾವ ನೋಡ್ರಿ. ಅದರಾಗ ಹೊಗಿ ಬ್ಯಾರೆ."

ನನಗೆ ಸಿಟ್ಟು ಮೂಗಿನ ತುದಿಗೆ ಬಂತು. ಬಾಣಂತಿಗೆ ನಮ್ಮಲ್ಲಿ ಹೀಗೇ ಮಾಡುವುದು, ನಿನಗೇನು ಗೊತ್ತು ಎಂದೆ.

"ಬಾಣಂತಿನೂ ಉಸಿರಾಡ್ತಾಳಲ್ರಿ, ಅತ್ತಿ," ಎಂದಳು ಸರಿತಾ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಹೇಳಿ ಚೀಲ ಸರಿಮಾಡಲು ಹೋದಳು.

ನಾನು ಬಾಗಿಲಲ್ಲೇ ನಿಂತೆ. ನನ್ನ ಬಾಣಂತನದ ಆ ಮೇ ತಿಂಗಳು ಮೈಗೆಲ್ಲ ನೆನಪಾಯಿತು. ಹೊರಗೆ ಬೆಂಕಿಯಂಥ ಬಿಸಿಲು, ಮಂಚದ ಕೆಳಗೆ ಕೆಂಡದ ಶಗಡಿ, ಕೋಣೆ ತುಂಬ ಹೊಗೆ, ತಲೆಗೆ ಬಿಗಿದ ಬಟ್ಟೆ. ಸತೀಶ ಬೆವರಿನಲ್ಲಿ ತೊಯ್ದು ಅಳುತ್ತಿದ್ದ, ನಾನೂ ಅಳುತ್ತಿದ್ದೆ. ಅಂಗೈಯಷ್ಟು ಕಿಟಕಿ ತೆಗೆಯಿರಿ ಎಂದು ಬೇಡಿಕೊಂಡದ್ದಕ್ಕೆ ಅತ್ತೆ ಮೊಳೆ ಹೊಡೆಸಿದ್ದಳು. ಪ್ರೀತಿಯಿಂದಲೇ ಹೊಡೆಸಿದಳು, ಅದನ್ನು ಒಪ್ಪುತ್ತೇನೆ. ಆದರೂ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಅಟ್ಟದಿಂದ ಸುತ್ತಿಗೆ ತಂದು ಮೊಳೆಗಳನ್ನು ಕೀಳತೊಡಗಿದೆ. ಸದ್ದಿಗೆ ಗಂಡ ಎದ್ದು ಬಂದರು. ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಉಳಿದ ಮೊಳೆಗಳನ್ನು ತಾವೇ ಕಿತ್ತರು.

ಕಿಟಕಿ ತೆರೆಯಿತು, ಗಾಳಿ ಬಂತು, ಬಂದ ಗಾಳಿಯೇ ತೇವವನ್ನೆಲ್ಲ ಎತ್ತಿಕೊಂಡು ಹೋಯಿತು. ಯಂತ್ರದಲ್ಲಿ ತಾಪ ಮತ್ತೆ ಮೂವತ್ತೈದಕ್ಕೆ ಏರಿತು, ತೇವ ಮೂವತ್ತಕ್ಕೆ ಇಳಿಯಿತು. ನಳದ ನೀರು ವಾರಕ್ಕೊಮ್ಮೆ ಬರುವ ಕಾಲ, ಗೋಣಿಗೆ ಎಷ್ಟೆಂದು ಸುರಿಯಲಿ? ಯೋಚಿಸುತ್ತ ಕಿಟಕಿಯಾಚೆ ನೋಡಿದರೆ ಪಕ್ಕದ ಮನೆಯ ಕರೀಮಾ ತನ್ನ ಅಂಗಳದಲ್ಲಿ ಕೌದಿ ಒಗೆಯುತ್ತಿದ್ದಳು. ಅವಳ ಮನೆಯಲ್ಲಿ ಬೋರ್ ಇದೆ. ಚಳಿಗಾಲದಲ್ಲಿ ಹೊದ್ದ ಕೌದಿಗಳನ್ನು ಮಳೆ ಬರುವ ಮುಂಚೆ ಒಗೆದು ಮಡಚಿಡಲು ಓಣಿಯವರೆಲ್ಲ ಅಲ್ಲಿಗೇ ಹೋಗುತ್ತಾರೆ. ಒದ್ದೆ ಕೌದಿ ಹಿಂಡಲು ಇಬ್ಬರು ಬೇಕು, ಹಿಂಡಿದ ಮೇಲೂ ಅದರ ಹೊಟ್ಟೆಯಲ್ಲಿ ಒಂದು ಬಿಂದಿಗೆ ನೀರು ಇರುತ್ತದೆ.

"ಕರೀಮಾ, ಆ ಕೌದಿ ನನ್ನ ಕಿಡಕಿಗಿ ಒಣ ಹಾಕ," ಎಂದು ಕೂಗಿದೆ.

ನನಗೆ ಬಿಸಿಲು ತಲೆಗೇರಿದೆ ಎಂದುಕೊಂಡಳಂತೆ ಅವಳು. ಆದರೂ ತಂದು ಕಟ್ಟಿದಳು. ಬಿಸಿಗಾಳಿ ಕೌದಿಯ ಒಡಲು ಹೊಕ್ಕು ಈಚೆ ಬರುವಾಗ ತಣ್ಣಗಾಗಿ, ತೊಯ್ದು, ಮೆಲ್ಲಗೆ ಬಂತು. ಯಂತ್ರದಲ್ಲಿ ತಾಪ ನಿಧಾನವಾಗಿ ಇಳಿಯಿತು, ತೇವ ಏರಿತು. ನೆರಳಲ್ಲಿ ಒಣಗಿದ ಕೌದಿಯ ಬಣ್ಣ ಹೋಗುವುದಿಲ್ಲ ಎಂದು ನಾನೇ ಓಣಿಯಲ್ಲಿ ಸುದ್ದಿ ಬಿಟ್ಟೆ. ಮರುದಿನದಿಂದ ನಮ್ಮ ಮನೆಗೆ ಕೌದಿಗಳ ಪಾಳಿ ಹತ್ತಿತು. ಕಿಟಕಿಗೊಂದು, ಬಾಗಿಲಿಗೊಂದು, ನಡುವೆ ಹಗ್ಗದ ಮೇಲೆ ಇನ್ನೊಂದು. ಕೌದಿ ಹಾಕಲು ಬಂದವರು ಆ ತಂಪಿಗೆ ಅಲ್ಲೇ ಕೂತುಬಿಡುತ್ತಿದ್ದರು. ಚಹಾ ಮಾಡಿ ಮಾಡಿ ನನ್ನ ಕೈ ಸೋತಿತು. ಭುವನೇಶ್ವರಿ ಗೋಡೆಗೆ ಒರಗಿ ಕೂತು ಎಲ್ಲರೊಂದಿಗೆ ನಗುತ್ತಿದ್ದಳು. ಈ ಹುಡುಗಿ ಇಷ್ಟು ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಮಹಾರುದ್ರಪ್ಪನವರೂ ಕೂಲರ್ ಬಿಟ್ಟು ಬಾಗಿಲ ಬಳಿ ಚಾಪೆ ಹಾಸಿಕೊಂಡರು.

ಕುದುರೆಗೆ ಲಗಾಮು ಕಟ್ಟಬಹುದು, ಅಣಬೆಗೆ ಅವಸರ ಕಟ್ಟಲಾಗದು. ಕುಬಸ ಆಯಿತು, ಹಸಿರು ಬಳೆ ತೊಡಿಸಿದ್ದಾಯಿತು, ಚೀಲ ಮಾತ್ರ ಸುಮ್ಮನಿತ್ತು. ಮರುದಿನ ಊಟ ಮಾಡಿ ಹೊರಡುವುದೆಂದು ಜಿಜಾಬಾಯಿ ಹೇಳಿದಳು. ಆ ಸಂಜೆ ಚೀಲದ ತೂತುಗಳಲ್ಲಿ ಬಿಳಿ ಮೊಗ್ಗು ಕಂಡಿತು. ಕೈಮುಗಿದು ಕೋಣೆಯ ಬಾಗಿಲು ಮುಂದೆ ಮಾಡಿದೆ. ಜಿಜಾಬಾಯಿಯ ಕಾಲಿಗೆ ಎಣ್ಣೆ ಹಚ್ಚಿ, ಉಪಚಾರ ಮಾಡಿ, ಎರಡು ದಿನ ಹೆಚ್ಚಿಗೆ ಉಳಿಸಿಕೊಂಡೆ. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸಬಾರದೆಂದೆ, ಬುಧವಾರವೂ ಬೇಡವೆಂದೆ. ಗುರುವಾರ ಬೆಳಗ್ಗೆ ಬಾಗಿಲು ತೆರೆದ ಭುವನೇಶ್ವರಿ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ನಾಲ್ಕೂ ಚೀಲದಿಂದ ಅಂಗೈ ಅಗಲದ ಬಿಳಿ ಅಣಬೆ ಗೊಂಚಲು ಗೊಂಚಲಾಗಿ ಇಳಿಬಿದ್ದಿತ್ತು.

ಅವಳು ಹೇಳಿದಂತೆ ನಾನು ಮಾಡಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶೇಂಗಾ ಪುಡಿ, ಬಿಸಿ ರೊಟ್ಟಿ. ಅವಳು ತಲೆ ಎತ್ತದೆ ತಿಂದಳು. ಆಮೇಲೆ ಒಂದು ತುತ್ತು ನನ್ನ ಬಾಯಿಯ ಬಳಿ ಹಿಡಿದಳು. ಅತ್ತೆಯನ್ನು ನೆನೆದು ಕಣ್ಣು ಮುಚ್ಚಿ ತಿಂದೆ. ಚೆನ್ನಾಗಿತ್ತು. ಎರಡನೆಯ ತುತ್ತನ್ನು ಕಣ್ಣು ತೆರೆದೇ ತಿಂದೆ.

ಜಿಜಾಬಾಯಿಯೂ ಉಂಡು, ಸಂತೋಷದಿಂದ ತನ್ನ ಮನೆಯ ಏರ್ಪಾಡು ಹೇಳತೊಡಗಿದಳು. ಬಾಣಂತಿ ಕೋಣೆ ಸಿದ್ಧವಾಗಿದೆ, ಕಿಟಕಿಗೆ ಪ್ಲಾಸ್ಟಿಕ್ ಹೊಡೆಸಿದ್ದೇನೆ, ಸಂದಿಗೆಲ್ಲ ಮಣ್ಣು ಮೆತ್ತಿಸಿದ್ದೇನೆ, ಬಸವಕಲ್ಯಾಣದಿಂದ ಲೋಬಾನ ತರಿಸಿದ್ದೇನೆ ಎಂದಳು. ಭುವನೇಶ್ವರಿ ತಟ್ಟೆ ನೋಡುತ್ತ ಕೂತಳು. ಬೇಡ ಅನ್ನುವ ಹುಡುಗಿಯೇ ಅಲ್ಲ ಅವಳು.

ನಾನು ಎದ್ದು ಹೋಗಿ ಮೊಳೆಯಿಂದ ಯಂತ್ರ ತೆಗೆದು ತಂದು ಅವಳ ಚೀಲದಲ್ಲಿ ಸೀರೆಗಳ ಮೇಲಿಟ್ಟೆ. ಸರಿತಾಳಿಗೆ ಹೊಸದು ಕೊಡಿಸಿದರಾಯಿತು.

"ಬೀಗತಿ, ಇದನ್ನ ಬಾಣಂತಿ ಮಂಚದ ಹತ್ರ ತೂಗಹಾಕ್ರಿ. ಮ್ಯಾಲಿನ ಅಂಕಿ ಮೂವತ್ತು ದಾಟಬಾರದು, ಕಿಡಕಿ ಮುಚ್ಚಬಾರದು, ಹೊಗಿ ಹಾಕಬಾರದು. ದಾಟಿದ್ರ ನಾ ಬಸ್ ಹತ್ತಿ ಬರ್ತೀನಿ, ಸುತ್ತಿಗಿ ತಗೊಂಡು."

ಜಿಜಾಬಾಯಿ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಮಗಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಬೀಗತಿ ಚೀಲದ ಬಾಯಿ ಕಟ್ಟಿದಳು.

ರೋಹಿಣಿ ಮಳೆ ಇನ್ನೂ ಬಿದ್ದಿರಲಿಲ್ಲ. ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿ, ತಾಯಿ ಮಗು ಕೊಡಂಬಲದ ಮನೆಗೆ ಹೋದ ದಿನ ಮಧ್ಯಾಹ್ನ ಫೋನ್ ಬಂತು. ಹೇಗಿದ್ದೀ ಎಂದು ನಾನು ಕೇಳುವ ಮೊದಲೇ ಭುವನೇಶ್ವರಿ, "ಅತ್ತಿ, ಇಪ್ಪತ್ತೆಂಟು ಅದರಿ," ಎಂದಳು. ಜಿಜಾಬಾಯಿ ಫೋನ್ ಕಸಿದುಕೊಂಡಳು.

"ಒದ್ದಿ ಕೌದಿ ನಾನೇ ಕಟ್ಟೀನ್ರಿ. ಕೂಸು ತಂಪಾಗಿ ಮಲಗ್ಯದ. ನಿಮ್ಮ ಸುತ್ತಿಗಿ ಅಲ್ಲೇ ಇರಲಿ."

ಫೋನ್ ಇಟ್ಟ ಮೇಲೆ ನಾನು ಬಾಣಂತಿ ಕೋಣೆಗೆ ಹೋದೆ. ಕಿಟಕಿಯಲ್ಲಿ ಕರೀಮಾಳ ಕೌದಿ ಮೆಲ್ಲಗೆ ಅಲುಗುತ್ತಿತ್ತು. ಸತೀಶನ ಬಾಣಂತನ ಮುಗಿದ ಮೇಲೆ ಆ ಕೋಣೆಯಲ್ಲಿ ನಾನು ಒಮ್ಮೆಯೂ ಮಲಗಿರಲಿಲ್ಲ. ಅಂದು ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಸಂಜೆಯವರೆಗೆ ನಿದ್ದೆ ಮಾಡಿದೆ.