ಜಟಗನ ಗುಂಡಿಯ ಅನ್ನ

ದೇವರ ಮೀನು ಹಿಡಿಯಲು ಬಲೆ ಬೇಡ, ಗಾಳ ಬೇಡ. ಅಂಗೈಯಲ್ಲಿ ಒಂದು ಹಿಡಿ ಅನ್ನವಿದ್ದರೆ ಸಾಕು. ಭಟ್ಕಳ ತಾಲೂಕಿನ ಆ ಗುಡ್ಡದ ಬುಡದ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಹಾಗೆ ಹಿಡಿಯಬೇಕೆಂದು ಯಾರ ಮನಸ್ಸಿಗೂ ಬಂದಿರಲಿಲ್ಲ. ಬಂದದ್ದು ದುರ್ಗಪ್ಪನೊಬ್ಬನಿಗೆ, ದಿನಾ ಆ ಮೀನುಗಳಿಗೆ ಉಣಿಸುತ್ತಿದ್ದವನೂ ಅವನೇ.

ಜಟಗ ದೇವರು ಯಾವುದೋ ಕಾಲದ ಕಾಳಗದಲ್ಲಿ ಗಾಯ ಮಾಡಿಕೊಂಡು ಬಂದು ಹಳ್ಳದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತನಂತೆ. ಮೀನುಗಳು ಬಂದು ಗಾಯಕ್ಕೆ ಬಾಯಿಯಿಟ್ಟು ಬೆಳಗಾಗುವುದರೊಳಗೆ ನೋವನ್ನೆಲ್ಲ ಹೀರಿದವಂತೆ. ‘ಇನ್ನು ಇವು ನನ್ನ ಮಕ್ಕಳು. ಇವಕ್ಕೆ ಉಣಿಸಿದ ಕೈಯಿಂದಲೇ ನಾನೂ ಉಣ್ಣುತ್ತೇನೆ’ ಎಂದು ಹೇಳಿ ಜಟಗ ದಡದ ಕಲ್ಲಾದ. ಅಂದಿನಿಂದ ದುರ್ಗಪ್ಪನ ಮನೆಯವರು ಅರಿಶಿನ ಕಲಸಿದ ಅನ್ನವನ್ನು ಮೊದಲು ಗುಂಡಿಗೆ, ಆಮೇಲೆ ಕಲ್ಲಿಗೆ ಇಡುತ್ತ ಬಂದಿದ್ದಾರೆ. ನೆರೆ ಏರಿ ನೀರು ಕೆಂಪಾದಾಗ ಮಾತ್ರ, ಅದು ತಿಳಿಯಾಗುವ ತನಕ, ಯಾರೂ ಅಲ್ಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಜಟಗ ತನ್ನ ಮಕ್ಕಳ ಜೊತೆ ಒಬ್ಬನೇ ಇರುತ್ತಾನೆ.

ಕಳೆದ ಬೇಸಿಗೆಯಲ್ಲಿ ದಿವ್ಯಶ್ರೀ ಎಂಬಾಕೆ ಬಂದಿದ್ದಳು. ದೂರದ ಊರಿನ ಒಂದು ಮ್ಯೂಸಿಯಮ್ಮಿನವಳು. ಭಟ್ಕಳದಿಂದ ಹೊನ್ನಾವರ, ಕುಮಟೆಯವರೆಗಿನ ಹಳ್ಳಗಳಲ್ಲಿ ಯಾವ ಯಾವ ಮೀನಿದೆ ಎಂದು ಹುಡುಕುವುದು ಅವಳ ಕೆಲಸ. ಗುಂಡಿಯ ಕತೆ ಕೇಳಿದವಳು ನೀರಿಗೆ ಕೈಯನ್ನೂ ತಾಗಿಸದೆ ಬರೇ ಫೋಟೋ ತೆಗೆದಳು.

“ಇವು ನಿಮ್ಮ ದೇವರ ಮಕ್ಕಳು, ನಾವು ಹಿಡಿಯೂದಿಲ್ಲ” ಎಂದಳು. “ಯಾವಾಗಾದ್ರೂ ತಾನಾಗೇ ಸತ್ತದ್ದು ಸಿಕ್ಕಿದ್ರೆ ಕೊಡಿ. ನಿಮ್ಮ ಹೆಸರು ಬರೆದು ಇಡ್ತೇವೆ.”

ಕುಮಟೆಯ ಕಡೆಯ ಯಾರೋ ಕೊಟ್ಟ ಮೀನಿನ ಚಿತ್ರವನ್ನೂ ಮೊಬೈಲಿನಲ್ಲಿ ತೋರಿಸಿದಳು. ಗಾಜಿನ ಜಾಡಿ, ಅದರ ಮೇಲೆ ಚೀಟಿ, ಚೀಟಿಯಲ್ಲಿ ಕೊಟ್ಟವನ ಹೆಸರು. ತಲೆತಲಾಂತರದಿಂದ ಮೀನು ಸಾಕಿದ ಮನೆತನ ತನ್ನದು, ಜಾಡಿಯ ಮೇಲೆ ಹೆಸರು ಇನ್ನಾರದ್ದೋ! ಅಕ್ಕಿಗೆ ಹುಳ ಹೊಕ್ಕ ಹಾಗೆ ಆ ಹೆಸರು ದುರ್ಗಪ್ಪನ ತಲೆಯನ್ನು ಹೊಕ್ಕಿತು.

ಪುನರ್ವಸು ಮಳೆಗೆ ನೆರೆ ಬಂತು. ಯಾರೂ ಗುಂಡಿಯತ್ತ ಹೋಗದ ಆ ದಿನಗಳಲ್ಲಿ ಅವನು ಅನ್ನ ಹಿಡಿದು ಹೋದ. ಕೆಂಪು ನೀರಿನಲ್ಲಿ ಅಂಗೈ ಚಾಚಿದ. ಹಸಿದ ಮೀನುಗಳಲ್ಲಿ ಮೊದಲು ಬಂದದ್ದು ತುಂಡುಬಾಲ. ಮೊಮ್ಮಗಳ ಜ್ವರ ಇಳಿದ ವರ್ಷದಿಂದ ಊರಿನ ಮುದುಕಿ ಹೊನ್ನಕ್ಕ ಸೋಮವಾರ ಸೋಮವಾರ ಅರಳು ತಂದು ಹೆಸರು ಹಿಡಿದು ಕರೆಯುತ್ತಿದ್ದ ಮೀನು ಅದು. ಅವನ ಅಂಗೈಯೊಳಗೇ ಬಾಯಿಟ್ಟು ಉಂಡಿತು. ಉಂಡು ಮುಗಿಸುವವರೆಗೆ ಅವನು ಕಾದ. ಆಮೇಲೆ ಬೆರಳು ಮಡಚಿದ.

“ನೆರೆಗೆ ಸಿಕ್ಕಿ ಸತ್ತಿತ್ತು, ಕೇದಗೆ ಬುಡದಲ್ಲಿ ಬಿದ್ದಿತ್ತು” ಎಂದು ಊರಿಗೆ ಹೇಳಿದ. ಮೀನನ್ನು ಕೊಡುವಾಗ ದಿವ್ಯಶ್ರೀಗೂ ಹಾಗೆಯೇ ಹೇಳಿದ. ಯಾರೂ ತಿರುಗಿ ಕೇಳಲಿಲ್ಲ. ಜಟಗನ ಮೀನಿನ ವಿಷಯದಲ್ಲಿ ದುರ್ಗಪ್ಪನನ್ನು ಕೇಳುವುದೆಂದರೆ ತಾಯಿಯ ಹತ್ತಿರ ಮಗುವಿನ ಲೆಕ್ಕ ಕೇಳಿದ ಹಾಗೆ.

ಸುಗ್ಗಿ ಮುಗಿದ ಮೇಲೆ ಮ್ಯೂಸಿಯಮ್ಮಿನ ವ್ಯಾನು ಮುರ್ಡೇಶ್ವರದಲ್ಲಿ ಪ್ರದರ್ಶನ ಮುಗಿಸಿ ಇವರ ಊರಿನ ಶಾಲೆಗೂ ಬಂತು. ಬೆಂಚಿನ ಮೇಲೆ ಸಾಲಾಗಿ ಜಾಡಿಗಳು. ನಡುವಿನ ದೊಡ್ಡ ಜಾಡಿಯಲ್ಲಿ ತುಂಡುಬಾಲ, ಬಣ್ಣ ಇಳಿದು ಬಿಳುಚಿ, ಬಾಯಿ ಸ್ವಲ್ಪ ತೆರೆದುಕೊಂಡು. ಚೀಟಿಯಲ್ಲಿ ‘ನೆರೆಯಲ್ಲಿ ಸತ್ತು ಸಿಕ್ಕಿದ್ದು. ಕೊಟ್ಟವರು ದುರ್ಗಪ್ಪ’ ಎಂದಿತ್ತು.

“ದುರ್ಗಪ್ಪಣ್ಣ, ಮೀನಿಗಿಂತ ನಿನ್ನ ಹೆಸರೇ ದಪ್ಪಗಿದೆಯಲ್ಲ ಮಾರಾಯ” ಎಂದು ತೆಂಗಿನಕಾಯಿ ಕೀಳುವ ಶನಿಯಾರ ನಗಾಡಿದ. “ನಾಳೆ ನೀ ಸತ್ರೂ ನಿನ್ನನ್ನೂ ಹಿಂಗೇ ಜಾಡಿಲಿ ಇಡ್ತ್ರು ಕಾಣು.”

ದುರ್ಗಪ್ಪ ನಗಲು ನೋಡಿದ. ಅಷ್ಟರಲ್ಲಿ ಹೊನ್ನಕ್ಕ ಬಂದಳು. ಕಣ್ಣು ಮಂಜಾಗಿದ್ದರೂ ಬಾಲ ನೋಡಿಯೇ ಗುರುತು ಹಿಡಿದಳು. ಗಾಜಿಗೆ ಕೈಮುಗಿದು, ಆಮೇಲೆ ಅವನ ಕಡೆ ತಿರುಗಿದಳು.

“ಕಾಗೆಗೆ ಹಾಕದೆ ಒಂದು ನೆಲೆ ಕಾಣಿಸ್ದ್ಯಲ್ಲ ತಮ್ಮಾ. ನಿನ್ನ ಕೈ ತಣ್ಣಗಿರ್ಲಿ.”

ಅವನು ಆ ಕೈಯನ್ನು ಪಂಚೆಯ ಮರೆಗೆ ಸರಿಸಿದ.

ವ್ಯಾನಿನ ಜೊತೆ ಬಂದಿದ್ದ ದಿವ್ಯಶ್ರೀ ಮಕ್ಕಳಿಗೆ ಒಂದು ಪುಟ್ಟ ಬಾಟಲಿ ಎತ್ತಿ ತೋರಿಸಿದಳು. ಒಳಗಿನ ದ್ರವ ತಿಳಿ ಹಳದಿ. ತಳದಲ್ಲಿ ನಾಲ್ಕಾರು ಅನ್ನದ ಅಗುಳು. “ಮೀನು ಏನು ತಿಂದಿತ್ತು ಅಂತ ಹೊಟ್ಟೆ ತೆರೆದು ನೋಡ್ತೇವೆ. ಇದರ ಹೊಟ್ಟೆಯಲ್ಲಿ ಹುಳ ಇಲ್ಲ, ಪಾಚಿ ಇಲ್ಲ. ಅರಿಶಿನದ ಅನ್ನ ಇತ್ತು, ಇನ್ನೂ ಕರಗಿರಲಿಲ್ಲ. ಸಾಯುವ ಸ್ವಲ್ಪ ಮೊದಲು ಉಂಡದ್ದು. ನಿಮ್ಮೂರ ಕೈತುತ್ತು ಇದು.”

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದ್ದಳು. ಆದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೆರೇಲಿ ಗುಂಡಿಗೆ ಅನ್ನ ಹಾಕುದಿಲ್ಲ ಅಲ್ದಾ ಅಕ್ಕೋರೆ?” ಹೊನ್ನಕ್ಕ ಮೆಲ್ಲಗೆ ಕೇಳಿದಳು. “ಮತ್ತೆ ಉಣಿಸಿದ್ದು ಯಾರು?”

ದುರ್ಗಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇನ್ನು ಎಲ್ಲರೂ ತನ್ನತ್ತ ತಿರುಗುತ್ತಾರೆ ಎಂದುಕೊಂಡ. ಯಾರೂ ತಿರುಗಲಿಲ್ಲ.

“ಮತ್ಯಾರು?” ಎಂದ ಶನಿಯಾರ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ನೆರೇಲಿ ಅಲ್ಲಿ ಇರೂದು ಜಟಗ ಒಬ್ಬನೇ ಅಲ್ದಾ.”

ಹೊನ್ನಕ್ಕನ ಮುಖ ಅರಳಿತು. “ಹೌದು ಕಾಣಿ. ಸಾಯೂ ಮುಂಚೆ ಅವನೇ ಉಣಿಸಿ ಕಳ್ಸಿದ.” ತಲೆಯಿಂದ ಅಬ್ಬಲಿಗೆ ಹೂವು ತೆಗೆದು ಜಾಡಿಯ ಮುಂದಿಟ್ಟಳು. ಹೆಂಗಸರು ಚಪ್ಪಲಿ ಕಳಚಿದರು. ಗದ್ದಲ ಮಾಡುತ್ತಿದ್ದ ಮಕ್ಕಳೂ ಕೈಮುಗಿದವು.

ದುರ್ಗಪ್ಪ ಸುಮ್ಮನಿದ್ದರೆ ಸಾಕಿತ್ತು. ಅವನ ಹೆಸರು ಚೀಟಿಯಲ್ಲಿ ಉಳಿಯುತ್ತಿತ್ತು, ಅನ್ನ ಇಡುವ ಹಕ್ಕು ಮನೆಯಲ್ಲಿ ಉಳಿಯುತ್ತಿತ್ತು, ಅವನ ಕಳ್ಳತನ ಜಟಗನ ಪವಾಡವಾಗಿ ಊರೂರಿಗೆ ಹೋಗುತ್ತಿತ್ತು. ಆದರೆ ಕೊಂದ ಕೈಯನ್ನೇ ಜಟಗನ ಕೈ ಎಂದು ಈ ಜನ ಮುಗಿಯುತ್ತಿದ್ದಾರೆ. ಜಾಡಿಯೊಳಗಿನ ತೆರೆದ ಬಾಯಿ ಇನ್ನೂ ಏನನ್ನೋ ಕಾಯುತ್ತಿರುವಂತೆ ಕಂಡಿತು.

“ಜಟಗ ಅಲ್ಲ” ಎಂದ. “ನಾನು.”

ಯಾರಿಗೂ ಮೊದಲು ತಿಳಿಯಲಿಲ್ಲ.

“ಉಣಿಸಿದ್ದೂ ನಾನೇ, ಹಿಡಿದದ್ದೂ ನಾನೇ. ಹೆಸರಿನ ಆಸೆ. ಕೇದಗೆ ಬುಡ ಎಲ್ಲ ಸುಳ್ಳು.”

ಹೊನ್ನಕ್ಕ ಅವನನ್ನು ಬೈಯಲಿಲ್ಲ. ಜಾಡಿಯ ಮುಂದಿನ ಹೂವನ್ನೂ ತೆಗೆಯಲಿಲ್ಲ. “ಕೈಲಿ ಉಣ್ತಾ ಇದ್ದಾಗ?” ಎಂದಷ್ಟೇ ಕೇಳಿದಳು. ಅವನು ತಲೆ ತಗ್ಗಿಸಿದ. ಅವಳು ಸೆರಗು ಎಳೆದುಕೊಂಡು ಹೊರಗೆ ನಡೆದಳು.

ದಿವ್ಯಶ್ರೀಯ ಮುಖ ಬಾಡಿತ್ತು. “ಕೊಡಿ ಅಂತ ಕೇಳಿದ್ದು ನಾನೇ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಚೀಟಿ ಬಿಡಿಸಿ, “ಇದನ್ನ ತಿದ್ದಲೇಬೇಕು. ಏನು ಬರೀಲಿ?” ಎಂದಳು.

“ಆದದ್ದೇ ಬರೀರಿ” ಎಂದ ದುರ್ಗಪ್ಪ. “ಹೆಸರು ಇರ್ಲಿ. ತೆಗೀಬೇಡಿ.”

ಮರುದಿನ ಬೆಳಿಗ್ಗೆ ಅವನು ಅನ್ನದ ತಟ್ಟೆ ಹಿಡಿದು ಹೊನ್ನಕ್ಕನ ಅಂಗಳದಲ್ಲಿ ನಿಂತ. “ಇನ್ನು ನೀನೇ ಹಾಕು” ಎಂದ. ಅವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವಳು ತಟ್ಟೆಯತ್ತ ಕೈ ಚಾಚಲೂ ಇಲ್ಲ.

“ನೀನೇ ಹೊತ್ಕಂಡು ಬಾ. ಕೈ ಮಾತ್ರ ನೀರಿಗೆ ಹಾಕ್ಬೇಡ.”

ಗುಂಡಿಯ ನೀರು ತಿಳಿಯಾಗಿತ್ತು. ದುರ್ಗಪ್ಪ ದಡದಲ್ಲಿಟ್ಟ ತಟ್ಟೆಯಿಂದ ಅನ್ನ ತೆಗೆದು ಹೊನ್ನಕ್ಕ ಬಗ್ಗಿ ಅಂಗೈ ಚಾಚಿದಳು. ಮೀನುಗಳು ಅವಳ ಕೈಯನ್ನು ಮೂಸಿ, ದಾಟಿ, ದಡದಲ್ಲಿ ನಿಂತ ದುರ್ಗಪ್ಪನ ಕಾಲ ಬುಡಕ್ಕೆ ಬಂದು ಗುಂಪಾಗಿ ಬಾಯಿ ತೆರೆದವು. ಅವುಗಳಿಗೆ ಅವನ ಕೈಯ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.