ಶಿನ್ನ ಓಟ್ಟೆ

೨೦೦೬ರ ಫೆಬ್ರವರಿಯ ಆ ಭಾನುವಾರ, ನೀಲಾಂಗರೈ ಕಡಲ ದಡದಲ್ಲಿ ದೋಣಿ ಎರಡನೆಯ ಸ್ಕೂಬಾ ಮುಳುಗಿಗೆ ಸಿದ್ಧವಾಗುತ್ತಿತ್ತು. ಮೊದಲ ಸಲ ಹದಿನೆಂಟು ಮೀಟರ್ ಆಳಕ್ಕೆ ಇಳಿದು ಬಂದಿದ್ದ ನಿಶಾಂತ್, ರಬ್ಬರ್ ಉಡುಪನ್ನು ಸೊಂಟದವರೆಗೆ ಇಳಿಸಿಕೊಂಡು ಎಳನೀರು ಕುಡಿಯುತ್ತಿದ್ದ. ಅವನ ಹೊಟ್ಟೆಯ ಮೇಲೆ ನೇರಳೆ ಕಲೆಗಳು ಬಲೆಯಂತೆ ಹರಡಿದ್ದನ್ನು ಮೊದಲು ಕಂಡವಳು ಹೆಂಡತಿ ಪಾವನಾ.

"ಏನ್ರೀ ಇದು?"

"ಸೂಟ್ ಟೈಟು, ಅಷ್ಟೇ. ಲೆಕ್ಚರರಮ್ಮಾ, ಇವತ್ತು ರಜ. ಪಾಠ ಬೇಡ."

ಪಾವನಾ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದಳು. ಬಿಗಿದ ಬಟ್ಟೆ ಗೆರೆ ಮೂಡಿಸುತ್ತದೆ, ಬಲೆಯನ್ನಲ್ಲ.

ಅತ್ತೆ ಬೋರಮ್ಮ ಸೆರಗಿನಿಂದ ಮಗನ ಹೊಟ್ಟೆ ಒರೆಸಿದರು. "ಇವನ್ಗೆ ಮೊದ್ಲಿಂದ್ಲೂ ಒಟ್ಟೆದೇ ಕಾಟ ಕಣವ್ವ. ಕೂಸಾಗಿದ್ದಾಗ ಒಂದೊರ್ಸ ಇದೇ ಊರ್ನಾಗೆ ಕೋಡಂಬಾಕ್ಕದಲ್ಲಿದ್ವಲ್ಲ, ಆಗ್ಲೇ ಡಾಕ್ಟ್ರು ಯೋಳಿದ್ರು."

"ಏನಂತ?"

"ಎದೆ ಮ್ಯಾಲೆ ಕೊಳವೆ ಮಡಗಿ ಬೋ ಹೊತ್ತು ಕೇಳುದ್ರು. 'ಶಿನ್ನ ಓಟ್ಟೆ, ತಾನಾ ಮೂಡಿಡುಂ' ಅಂದ್ರು. ಒಟ್ಟೆ ಚಿಕ್ಕದು, ಹಸಿವು ತಾನೇ ಮೂಡ್ತದೆ ಅಂತ. ಮಂಡ್ಯಕ್ಕೆ ವಾಪಸ್ ಹೋಗಿ ಓಮದ ನೀರು ಕುಡ್ಸಿ ಕುಡ್ಸಿ ಸರಿ ಮಾಡ್ದೆ."

ನಿಶಾಂತ್ ನಕ್ಕ. ಪಾವನಾ ನಗಲಿಲ್ಲ. ಅವಳು ಹುಟ್ಟಿದ್ದೂ ಓದಿದ್ದೂ ಇದೇ ತಮಿಳು ಊರಿನಲ್ಲಿ. ಅತ್ತೆಯ ಬಾಯಲ್ಲಿ ಒಟ್ಟೆ ಎಂದರೆ ಹೊಟ್ಟೆ. ತಮಿಳಿನಲ್ಲಿ ಓಟ್ಟೆ ಎಂದರೆ ತೂತು. ಮೂಡುವುದೆಂದರೆ ಮುಚ್ಚಿಕೊಳ್ಳುವುದು. ಹೊಟ್ಟೆನೋವಿಗೆ ಯಾವ ಡಾಕ್ಟರೂ ಅಷ್ಟು ಹೊತ್ತು ಎದೆ ಕೇಳುವುದಿಲ್ಲ.

ಹೃದಯದಲ್ಲಿ ತೂತು. ಆಳದಿಂದ ಮೇಲೆ ಬರುವವನ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಏಳುತ್ತವೆ. ಶ್ವಾಸಕೋಶ ಅವನ್ನು ಸೋಸುತ್ತದೆ. ತೂತಿದ್ದರೆ ಅವು ಅಡ್ಡದಾರಿ ಹಿಡಿದು ಚರ್ಮಕ್ಕೆ, ಬೆನ್ನುಹುರಿಗೆ, ಮಿದುಳಿಗೆ ನುಗ್ಗಬಹುದು.

"ನೀವು ಇನ್ನು ನೀರಿಗಿಳೀಬೇಡಿ. ಅದು ಹೊಟ್ಟೆ ಅಲ್ಲ, ಹಾರ್ಟಲ್ಲಿ ತೂತು."

"ಹಾರ್ಟ್ ಪ್ರಾಬ್ಲಂ ಇದೆಯಾ ಅಂತ ಡೈವಿಂಗ್ ಮಾಸ್ಟರ್ ಮೊದಲೇ ಕೇಳಿದ್ರು. ಇಲ್ಲ ಅಂದೆ. ಇಲ್ಲ ತಾನೇ?"

"ನಿಮಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ನಿಶಾಂತ್ ಸಾರ್, ವಾಂಗ!" ತರಬೇತುದಾರ ಶ್ರೀನಿವಾಸ ದೋಣಿಯಿಂದ ಕೂಗಿ ಕರೆದ. ನಿಶಾಂತ್ ಎದ್ದು ಉಡುಪನ್ನು ಮೇಲೆಳೆಯಲು ಹೋದ. ಎಡಗೈ ಬೆರಳುಗಳು ಜಾರಿದವು. ಮತ್ತೆ ಹಿಡಿದ, ಮತ್ತೆ ಜಾರಿದವು. ಬೇರೆ ಯಾರದೋ ಕೈ ಎಂಬಂತೆ ಅದನ್ನೇ ನೋಡಿದ.

ಪಾವನಾ ತಮಿಳಿನಲ್ಲಿ ಕಿರುಚಿದಳು. ಓಡಿಬಂದ ಶ್ರೀನಿವಾಸ ಕಲೆಗಳನ್ನು ನೋಡಿದವನೇ ಅವನನ್ನು ಅಂಗಾತ ಮಲಗಿಸಿ, ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದ. ಗುಳ್ಳೆ ಕರಗಿಸುವ ಒತ್ತಡದ ಕೊಠಡಿ ನಗರದ ಆಚೆ ತುದಿಯ ಆಸ್ಪತ್ರೆಯಲ್ಲಿತ್ತು.

ಡಾಕ್ಟರ ತಮಿಳು ಮಾತಿನ ಅರ್ಥವನ್ನು ಸೊಸೆಯಿಂದ ತಿಳಿದ ಬೋರಮ್ಮ ವ್ಯಾನಿನಲ್ಲಿ ಮಗನ ಕಾಲು ಹಿಡಿದು ಕೂತಿದ್ದರು. "ಮುಚ್ಕತದೆ ಅಂದಿದ್ರಾ ಆ ಡಾಕ್ಟ್ರು? ಮುಚ್ಕಂಡಿಲ್ವಾ? ನೀನು ಓದ್ದೋಳು, ಯೋಳವ್ವ."

ಪಾವನಾ ನಿಶಾಂತನ ಎಡ ಅಂಗೈ ತನ್ನ ಮಡಿಲಿಗೆಳೆದುಕೊಂಡು, "ಚಿವುಟಿ ನೋಡ್ತೀನಿ, ನೋವಾದ್ರೆ ಹೇಳಿ" ಅಂದಳು.

ಅವನು ತಲೆಯಾಡಿಸಿ ಕಾದ. ಸ್ವಲ್ಪ ಹೊತ್ತಿನ ಮೇಲೆ ಮುಖವಾಡದೊಳಗಿಂದ ಕೇಳಿದ: "ಹೂಂ, ಚಿವುಟು. ಯಾಕೆ ಸುಮ್ನೆ ಕೂತೆ?"

ಅವಳ ಉಗುರಿನ ಕೆಳಗೆ ಅವನ ಅಂಗೈಯಲ್ಲಿ ಆಗಲೇ ರಕ್ತ ಜಿನುಗಿತ್ತು.